ದಾನಕ್ಕೆ ಬಂದ ಟೀವಿ

ಟೀವಿ ಬಂದ ದಿನ ಅದಕ್ಕೆ ಹಾರ ಹಾಕಿದರು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ಕಾಯಿಯ ನೀರು ಪ್ಲಗ್ಗಿನ ಮೇಲೆ ಬೀಳದಂತೆ ನೋಡಿಕೊಂಡವಳು ನಾನೊಬ್ಬಳೇ. ಪರದೆಯ ಕೆಳಗಿನ ಅಂಚಿಗೆ ದಾನಿಯ ಹೆಸರಿನ ಸ್ಟಿಕರ್ ಅಂಟಿಸಿದ್ದರು. ಅದು ಎಷ್ಟು ದೊಡ್ಡದೆಂದರೆ ವಿಡಿಯೊದ ಕೆಳಗೆ ಬರುವ ಅಕ್ಷರಗಳಲ್ಲಿ ಅರ್ಧ ಅದರ ಹಿಂದೆ ಮರೆಯಾಗುತ್ತಿದ್ದವು. ಕಿತ್ತು ಬೇರೆ ಕಡೆ ಅಂಟಿಸೋಣ ಎಂದರೆ ಮುಖ್ಯೋಪಾಧ್ಯಾಯರು ಎರಡೂ ಕೈ ಅಡ್ಡ ಹಿಡಿದರು.

"ಬೇಡಿ ಮೇಡಂ, ಟ್ರಸ್ಟಿಗಳು ಬೇಜಾರು ಮಾಡಿಕೊಳ್ತಾರೆ."

ನಾನು ಬೈಕುಲ್ಲಾದ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ, ಗಣಿತ ಕಲಿಸುತ್ತೇನೆ. ಹಳೇ ಬಿಲ್ಡಿಂಗಿನ ಎರಡನೇ ಮಹಡಿ. ಕಿಟಕಿ ತೆರೆದರೆ ಕೈಗಾಡಿಗಳ ಗದ್ದಲ, ಮುಚ್ಚಿದರೆ ಸೆಕೆ. ದಿನವೂ ವಿಲೆ ಪಾರ್ಲೆಯಿಂದ ಹೊರಟು ದಾದರ್‌ನಲ್ಲಿ ಲೋಕಲ್ ಬದಲಿಸಿ, ನೂಕುನುಗ್ಗಲಲ್ಲಿ ಮೈ ಹಿಂಡಿಸಿಕೊಂಡು ಬರುವ ನನಗೆ ಯಾರ ಬೇಜಾರನ್ನೂ ವಿಚಾರಿಸುವಷ್ಟು ತಾಳ್ಮೆ ಉಳಿದಿರುವುದಿಲ್ಲ. ಈ ಟ್ರಸ್ಟಿಗಳೆಂದರೆ ಒಬ್ಬರೇ, ಗ್ರಾಂಟ್ ರೋಡಿನಲ್ಲಿ ಉಡುಪಿ ಹೋಟೆಲು ನಡೆಸುವವರು, ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, ಟೀವಿ ಕೊಟ್ಟವರು. ಅವರು ಬಂದರೆ ಮುಖ್ಯೋಪಾಧ್ಯಾಯರು ತಮ್ಮ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆ.

ಟೀವಿಯೇ ಬೇಡ ಎನ್ನುವವಳಲ್ಲ ನಾನು. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ದಖ್ಖನಿ ಉರ್ದುವೋ ಆಡುತ್ತಾರೆ, ಗಲ್ಲಿಯಲ್ಲಿ ಹಿಂದಿ. ಪುಸ್ತಕದಲ್ಲಿ 'ಹೃತ್ಕುಕ್ಷಿ' ಎಂಬ ಪದ ಬಂದರೆ ಓದುತ್ತಾರೆ, ಬರೆಯುತ್ತಾರೆ, ಪರೀಕ್ಷೆಯಲ್ಲಿ ಕಕ್ಕುತ್ತಾರೆ. ಒಂದೇ ಒಂದು ಸಲ ಹೃದಯದ ಆ ಕೆಳಕೋಣೆ ಕುಗ್ಗಿ ಹಿಗ್ಗುವುದನ್ನು ಕಣ್ಣಾರೆ ಕಂಡರೆ ಮತ್ತೆ ಬಾಯಿಪಾಠ ಬೇಕಾಗುವುದಿಲ್ಲ.

ಆದರೆ ವಿಡಿಯೊ ಹಾಕಿಬಿಟ್ಟು ಕುರ್ಚಿಯಲ್ಲಿ ಚಹಾ ಹೀರುವುದು ಪಾಠವಲ್ಲ. ನಾನು ಲೋಕಲ್‌ನಲ್ಲಿ ನಿಂತು ನನ್ನ ಫೋನಿನಲ್ಲಿ ಒಂದೊಂದಾಗಿ ನೋಡುತ್ತಿದ್ದೆ. ಬಹುಪಾಲು ಕಸ. ಮೊದಲ ನಿಮಿಷ ನಮಸ್ಕಾರ, ಆಮೇಲೆ ತಬಲಾ, ಆಮೇಲೆ ಬೆಲ್ ಒತ್ತಿ ಅನ್ನುವ ಗೋಗರೆತ. ಒಂದು ಒಳ್ಳೆಯದು ಸಿಕ್ಕರೂ ಅದರಲ್ಲಿ ಬೇಕಾದ ಭಾಗ ಮೂರು ನಾಲ್ಕು ನಿಮಿಷದ್ದು. ಎಲ್ಲಿಂದ ಎಲ್ಲಿಯವರೆಗೆ ಎಂದು ಮೊದಲೇ ಗುರುತು ಮಾಡಿಕೊಳ್ಳುತ್ತಿದ್ದೆ. ತರಗತಿಯಲ್ಲಿ ಪರದೆ ಬೆಳಗುವ ಮೊದಲೇ ಬೋರ್ಡಿನ ಮೇಲೆ ಎರಡು ಪ್ರಶ್ನೆ ಇರುತ್ತಿತ್ತು, ಯಾಕೆಂದರೆ ಏನನ್ನು ಹುಡುಕಬೇಕೆಂದು ತಿಳಿಯದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಕೊನೆಗೆ ಅವರಿಗೆ ನೆನಪಿರುವುದು ಹಿನ್ನೆಲೆ ಸಂಗೀತ ಮಾತ್ರ. ಮೊದಲ ಸಲ ದನಿ ಮುಚ್ಚಿ, ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ಕವಾಟ ಮುಚ್ಚುವ ಹೊತ್ತಿಗೆ ನಿಲ್ಲಿಸಿ, ರಕ್ತ ಈಗ ಎತ್ತ ಹೋದೀತು ಎಂದು ಕೇಳುತ್ತಿದ್ದೆ. ತಪ್ಪು ಉತ್ತರಗಳೆಲ್ಲ ಬಂದ ಮೇಲೆ ಮುಂದಕ್ಕೆ ಬಿಡುತ್ತಿದ್ದೆ. ಎರಡನೇ ಸಲ ದನಿಯೊಂದಿಗೆ. ಆಮೇಲೆ ಟೀವಿ ಬಂದ್, ಪುಸ್ತಕ ಬಂದ್, ತಾವೇ ಚಿತ್ರ ಬರೆಯಬೇಕು.

ಮುಖ್ಯೋಪಾಧ್ಯಾಯರಿಗೆ ಇದರಲ್ಲಿ ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಫೋಟೋ. ಟೀವಿ ಪಾಠ ನಡೆಯುವಾಗಲೆಲ್ಲ ಬಾಗಿಲಲ್ಲಿ ಬಂದು ನಿಂತು ಒಂದು ಫೋಟೋ ಹೊಡೆದು, 'ನಮ್ಮ ಶಾಲೆಯ ಡಿಜಿಟಲ್ ಪಾಠ' ಎಂದು ಬರೆದು, ಕೈಮುಗಿದ ಗುರುತು ಹಾಕಿ ಶಾಲೆಯ ವಾಟ್ಸಾಪ್ ಗ್ರೂಪಿಗೆ ಅಲ್ಲಿಂದಲೇ ಕಳಿಸಿಬಿಡುತ್ತಿದ್ದರು. ಆ ಗ್ರೂಪಿನಲ್ಲಿ ಮಂಡಳಿಯವರು, ನಾವು ಶಿಕ್ಷಕರು, ತಂದೆತಾಯಿಯರು ಎಲ್ಲರೂ ಇದ್ದೆವು. ಆದರೆ ಅದರಲ್ಲಿ ಬರೆಯುವ ಹಕ್ಕು ಇದ್ದದ್ದು ಅವರಿಗೂ ಟ್ರಸ್ಟಿಗೂ ಮಾತ್ರ. ಉಳಿದವರು ನೋಡಬಹುದು, ತೆಪ್ಪಗಿರಬಹುದು.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ. ಅವಳ ತಂದೆ ವಿಜಯಪುರದ ಕಡೆಯವರು, ಬೈಕುಲ್ಲಾದಲ್ಲೇ ಟ್ಯಾಕ್ಸಿ, ರಿಕ್ಷಾಗಳಿಗೆ ಸೀಟು ಹೊಲಿಯುವ ಕೆಲಸ. ಮನೆಮಾತು ದಖ್ಖನಿ, ಅಪ್ಪನ ಹಟಕ್ಕೆ ಕನ್ನಡ ಶಾಲೆ. ನಾನು 'ನಿಲ್ಲಿಸು' ಎಂದರೆ ಸರಿಯಾಗಿ ಅಲ್ಲಿಗೇ ನಿಲ್ಲಿಸುತ್ತಿದ್ದವಳು ಅವಳೊಬ್ಬಳೇ. ಹಾಗಾಗಿ ರಿಮೋಟು ಅವಳ ಕೈಯಲ್ಲಿ. ಕೊಟ್ಟವಳು ನಾನು.

ಅಂದು ಹೃದಯದ ಪಾಠ. ವಿಡಿಯೊ ಎರಡನೇ ಸಲ ಮುಗಿಯುತ್ತ ಬಂದಿತ್ತು. ನಾನು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ನಾಲ್ಕು ಕೋಣೆಗಳನ್ನು ಬರೆಯುತ್ತಿದ್ದೆ. ಹಿಂದೆ ಇದ್ದಕ್ಕಿದ್ದಂತೆ ಢೋಲಕಿನ ಸದ್ದು, ಒಬ್ಬ ಗಂಡಸಿನ ಹೊಲಸು ಮಾತು. ತಿರುಗಿ ನೋಡಿದರೆ ಪರದೆಯ ತುಂಬ ಅರೆಬಟ್ಟೆಯ ಕುಣಿತ. ಹುಡುಗಿ ಎದ್ದು ನಿಂತು, ಕೈ ಮುಂದೆ ಚಾಚಿ, ಗುಂಡಿ ಒತ್ತುತ್ತಲೇ ಇದ್ದಳು. ಟೀವಿ ಹ್ಯಾಂಗ್ ಆಗಿತ್ತು.

"ಬಂದ್ ನಹೀ ಹೋ ರಹಾ ಮೇಡಂ, ಒತ್ತಿದೆ, ನಹೀ ಹೋ ರಹಾ."

ನಾನು ಓಡಿ ಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತೆ. ಹುಡುಗರ ಸಾಲಿನಲ್ಲಿ ಕಿಸಕ್ಕೆಂದ ಸದ್ದು. ಒಂದು ಸಲ ಕಣ್ಣು ಬಿಟ್ಟೆ, ನಿಂತಿತು. ಇದು ಯಂತ್ರ ತಾನಾಗಿ ತಂದದ್ದು, ನಾವು ಯಾರೂ ಕೇಳಿದ್ದಲ್ಲ, ಮನೆಯಲ್ಲೂ ಹೀಗೆ ಬಂದರೆ ನಾಚಬೇಡಿ, ಬಂದ್ ಮಾಡಿ ದೊಡ್ಡವರಿಗೆ ಹೇಳಿ ಎಂದೆ. ಮಕ್ಕಳು ಚಿತ್ರ ಬರೆಯತೊಡಗಿದರು. ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ನಾನು ಪ್ಲಗ್ಗಿನ ಕಡೆ ಓಡಿದ ಹೊತ್ತಿನಲ್ಲೇ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಬಂದು, ಫೋಟೋ ಹೊಡೆದು, ಅದರಲ್ಲಿ ಏನಿದೆ ಎಂದೂ ನೋಡದೆ ಕಳಿಸಿ, ಮುಂದಿನ ತರಗತಿಗೆ ಹೋಗಿಯಾಗಿತ್ತು. ಫೋಟೋದಲ್ಲಿ ಹುಡುಗಿಯ ಮುಖ ಸ್ಪಷ್ಟ. ಚಾಚಿದ ಕೈಯಲ್ಲಿ ರಿಮೋಟು. ಹಿಂದೆ ಕುಣಿತ. ಕೆಳಗೆ 'ನಮ್ಮ ಶಾಲೆಯ ಡಿಜಿಟಲ್ ಪಾಠ', ಕೈಮುಗಿದ ಗುರುತು. ಊಟದ ಹೊತ್ತಿಗೆ ಅಳಿಸಿದರು, ಆದರೆ ಅಷ್ಟರಲ್ಲಿ ಇಟ್ಟುಕೊಳ್ಳುವವರು ಇಟ್ಟುಕೊಂಡಿದ್ದರು.

ಮುಖ್ಯೋಪಾಧ್ಯಾಯರ ಕೋಣೆಗೆ ಕರೆ ಬಂತು. ಟ್ರಸ್ಟಿ ಫೋನಿನ ಸ್ಪೀಕರಿನಲ್ಲಿದ್ದರು.

"ರಿಮೋಟ್ ಯಾರ ಕೈಲಿತ್ತು ಮೇಡಂ? ಫೋಟೋದಲ್ಲಿ ಕಾಣ್ತದಲ್ಲ. ಅವಳೇ ಸರ್ಚ್ ಮಾಡಿದ್ದು. ಅವರ ಮನೆಯಲ್ಲಿ ಎಂತೆಂಥದ್ದು ನೋಡ್ತಾರೋ."

"ಅವರ ಅಂದರೆ ಯಾರ ಮನೆ?"

"ನಿಮಗೆ ಗೊತ್ತುಂಟಲ್ಲ ಮಾರಾಯ್ರೆ."

"ನನಗೆ ಗೊತ್ತಿಲ್ಲ. ನೀವೇ ಬಿಡಿಸಿ ಹೇಳಿ."

ಫೋನು ಕಟ್ಟಾಯಿತು. ಮುಖ್ಯೋಪಾಧ್ಯಾಯರು ನನ್ನನ್ನು ನೋಡಿದ ರೀತಿಗೆ ನನ್ನ ಮೈ ಉರಿಯಿತು. ಫೋಟೋ ಹಾಕಿದ ಮನುಷ್ಯ ತಾನೇ ಎಂಬ ಸಂಗತಿ ಆತನಿಗೆ ಹೊಳೆದಂತೆಯೇ ಇರಲಿಲ್ಲ.

ಸಂಜೆ ಹುಡುಗಿಯ ತಂದೆ ಬಂದರು. ಅಂಗಿಯ ಮೇಲೆ ರೆಕ್ಸಿನ್ನಿನ ಚೂರುಗಳು ಅಂಟಿದ್ದವು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಒಂದ ಮಾತು ಹೇಳ್ರಿ ಮೇಡಂ. ನನ್ನ ಮಗಳು ಅದನ್ನ ಹುಡುಕ್ಯಾಳೇನ್ರಿ?"

"ಇಲ್ಲ."

"ಮತ್ತ ಅದು ಹೆಂಗ ಬಂತು?"

"ಗೊತ್ತಿಲ್ಲ. ತಾನಾಗಿ ಬಂತು."

"ತಾನಾಗಿ ಬಂತು ಅಂದ್ರ ಗಲ್ಲ್ಯಾಗ ಯಾರು ನಂಬ್ತಾರ್ರಿ? ಮುಂಜಾನಿಂದ ಹತ್ತು ಮಂದಿ ಫೋಟೋ ತೋರ್ಸ್ಯಾರ ನನಗ."

ಮುಖ್ಯೋಪಾಧ್ಯಾಯರು ನಡುವೆ ಬಾಯಿ ಹಾಕಿದರು. "ಸ್ವಲ್ಪ ದಿನ ಮನೆಯಲ್ಲೇ ಇರಲಿ. ತಣ್ಣಗಾಗಲಿ."

"ತಣ್ಣಗಾಗೂದಿಲ್ರಿ ಇದು. ಬರೂ ಆಯ್ತವಾರ ಅಕಿನ್ನ ಊರಿಗೆ, ನಮ್ಮಣ್ಣನ ಮನಿಗೆ ಕಳಸ್ತೀನಿ. ಅಲ್ಲಿ ಸಾಲಿ ದೂರ ಐತಿ, ಹೆಣ್ಣುಮಕ್ಕಳನ್ನ ಅಷ್ಟ ದೂರ ಕಳ್ಸೂದಿಲ್ಲ. ಓದು ಇಲ್ಲಿಗೇ ಮುಗೀತು ಅಂತ ತಿಳ್ಕೊಳ್ರಿ."

ಆತ ಹೋದ ಮೇಲೆ ಮುಖ್ಯೋಪಾಧ್ಯಾಯರು ಉಸಿರು ಬಿಟ್ಟರು, ದೊಡ್ಡದೊಂದು ತೊಂದರೆ ಅದಾಗಿಯೇ ಮೆಟ್ಟಿಲಿಳಿದು ಹೋದಂತೆ. ಅದನ್ನು ಕಂಡಾಗಲೇ ನಾನು ನಿಶ್ಚಯಿಸಿದ್ದು, ಈ ಹುಡುಗಿ ಎಲ್ಲಿಗೂ ಹೋಗಕೂಡದು.

ಮೊದಲು ತಿಳಿಯಬೇಕಿದ್ದದ್ದು ಅದು ಬಂದದ್ದು ಎಲ್ಲಿಂದ ಎಂಬುದು. ನನ್ನ ಫೋನಿನಲ್ಲಿ ಅದೇ ಹೃದಯದ ವಿಡಿಯೊವನ್ನು ಕೊನೆಯವರೆಗೆ ಬಿಟ್ಟೆ. ಮುಂದೆ ಬಂದದ್ದು ಮೂತ್ರಪಿಂಡ, ಅದರ ಮುಂದೆ ಶ್ವಾಸಕೋಶ. ಕುಣಿತ ಬರಲಿಲ್ಲ. ಎಲ್ಲ ಶಿಕ್ಷಕರೂ ಹೀಗೆಯೇ ಮನೆಯಲ್ಲಿ, ತಮ್ಮ ಫೋನಿನಲ್ಲಿ ಪರೀಕ್ಷೆ ಮಾಡಿ ನೋಡಿ ನಿಶ್ಚಿಂತರಾಗುತ್ತಾರೆ. ಈ ಪರೀಕ್ಷೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಮುಂದಿನ ವಿಡಿಯೊ ಯಾವುದೆಂದು ಹೇಳುವುದು ಹಿಂದಿನ ವಿಡಿಯೊ ಅಲ್ಲ. ಯಾರ ಖಾತೆಯಿಂದ ನೋಡುತ್ತೇವೋ ಆ ಖಾತೆಯ ಚಾಳಿ.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ತರಗತಿಗೆ ಹೋದೆ. ಕೋಣೆಗೆ ಹಿಂದಿನ ದಿನ ಬೀಗ ಹಾಕಿದವಳು ನಾನೇ, ಕೀಲಿ ನನ್ನ ಪರ್ಸಿನಲ್ಲೇ ಇತ್ತು. ಪ್ಲಗ್ಗು ಕಿತ್ತದ್ದು ಕಿತ್ತಂತೆಯೇ ನೇತಾಡುತ್ತಿತ್ತು. ಹಾಕಿದೆ. ಹಿಂದೆ ನೋಡಿದ ವಿಡಿಯೊಗಳ ಸಾಲನ್ನು ತೆರೆದೆ. ನನ್ನ ಹೃದಯ ಇತ್ತು, ಅದರ ಕೆಳಗೆ ಎಷ್ಟು ನೋಡಿದ್ದೇವೆಂಬ ಕೆಂಪು ಗೆರೆಯೂ ಇತ್ತು. ಆದರೆ ಅದು ಸಾಲಿನ ಮೊದಲಲ್ಲಿ ಇರಲಿಲ್ಲ. ಅದಕ್ಕೂ ಆಮೇಲೆ ಯಾರೋ ಒಂದು ತುಳು ನಗೆನಾಟಕ ನೋಡಿದ್ದರು, ಒಂದು ಕೋಳಿಅಂಕ, ಒಂದು ಕುಸ್ತಿ, ಮತ್ತೆರಡು ಕುಣಿತ. ಬೀಗ ಹಾಕಿದ ಕೋಣೆಯಲ್ಲಿ, ಕರೆಂಟಿಲ್ಲದ ಟೀವಿ ಇವನ್ನೆಲ್ಲ ಯಾವಾಗ ನೋಡಿತು?

ಮೂಲೆಯಲ್ಲಿ ಖಾತೆಯ ಪುಟ್ಟ ಚಿತ್ರ ಇತ್ತು. ಇಷ್ಟು ದಿನ ಅದನ್ನು ಕಂಪನಿಯ ಗುರುತು ಅಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದೆ. ಬಾಳೆಲೆ, ಅದರ ಮೇಲೆ ಇಡ್ಲಿ. ಟ್ರಸ್ಟಿಯ ಹೋಟೆಲಿನ ಬೋರ್ಡಿನಲ್ಲಿರುವ ಚಿತ್ರ.

ಶಾಲೆ ಬಿಟ್ಟ ಮೇಲೆ ನೇರ ಗ್ರಾಂಟ್ ರೋಡಿಗೆ ಹೋದೆ. ಊಟದ ಗದ್ದಲ ಮುಗಿದಿತ್ತು, ಟ್ರಸ್ಟಿ ಇನ್ನೂ ಬಂದಿರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿಂದೆ ಹೋದವಳು ಮೇಲಿನ ಅಟ್ಟದ ಮೆಟ್ಟಿಲು ಹತ್ತಿದೆ. ಕೆಲಸದವರು ಕಾಲು ಚಾಚಿ ಮಲಗಿದ್ದರು. ಗೋಡೆಯ ಮೇಲೆ ಹಳೆಯ ಟೀವಿ. ಕುಂದಾಪುರದ ಕಡೆಯ ಒಬ್ಬ ನಡುವಯಸ್ಸಿನ ವೇಟರ್ ಗಡಬಡಿಸಿ ಎದ್ದು ಕೂತ.

"ಎಂತ ಬೇಕಿತ್ತು ಅಮ್ಮ?"

"ಆ ಟೀವಿಯ ಮೊದಲ ಪುಟ ಒಮ್ಮೆ ತೋರಿಸಿ."

ತೋರಿಸಿದ. ಎಲ್ಲಕ್ಕಿಂತ ಮೇಲೆ ನನ್ನ ಹೃದಯ, ಕೆಳಗೆ ಅದೇ ಕೆಂಪು ಗೆರೆ. ಪಕ್ಕದಲ್ಲಿ ತ್ರಿಕೋನದ ಪ್ರಮೇಯ. ಅದರ ಪಕ್ಕದಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲ.

"ಅದೊಂದು ಕರ್ಮ ಅಮ್ಮ. ಯಾರೋ ಡಾಕ್ಟ್ರದ್ದು. ಎಷ್ಟು ತೆಗ್ದ್ರೂ ಬತ್ತ್. ನಾವು ಒಂದು ನಾಟ್ಕ ನೋಡುವ ಅಂತ ಕೂತ್ರೆ ಅದು ಮುಗಿದ ಕೂಡ್ಲೆ ತ್ರಿಕೋಣ ಬತ್ತ್. ಸಾಕಾಯ್ತ್ ನಮ್ಗೆ."

ಆ ಫೋಟೋ ಬಂದಾಗಿನಿಂದ ಮೊದಲ ಸಲ ನಗು ಬಂತು. ನುಂಗಿಕೊಂಡೆ. ಶಾಲೆಯ ಟೀವಿಯ ಪುಟದ ಫೋಟೋ ಬೆಳಿಗ್ಗೆಯೇ ಹೊಡೆದುಕೊಂಡಿದ್ದೆ, ಈಗ ಇದರದ್ದೂ ಹೊಡೆದುಕೊಂಡೆ.

ಟ್ರಸ್ಟಿ ಬಂದು ಗಲ್ಲಾದಲ್ಲಿ ಕೂತಾಗ ಅವನ್ನು ಎದುರಿಗೆ ಹಿಡಿದೆ. ಎರಡು ಸಲ ನೋಡಿದರು. ಮುಖದ ಬಣ್ಣ ಬದಲಾಯಿತು, ಆದರೆ ಮನುಷ್ಯ ವ್ಯಾಪಾರಿ, ಬೇಗ ಸುಧಾರಿಸಿಕೊಂಡರು.

"ಟೀವಿ ಹಾಕುವಾಗ ಯಾವುದಾದ್ರೂ ಖಾತೆ ಬೇಕು ಅಂತ ಕೇಳ್ತು. ನಮ್ಮ ಕ್ಯಾಶಿಯರ್ ಹೋಟೆಲಿಂದೇ ಹಾಕಿದ್ದಾನೆ. ಅಷ್ಟೇ ಅಲ್ವಾ. ಆ ಮೇಲಿನ ಹುಡುಗರನ್ನ ಇವತ್ತೇ ಓಡಿಸ್ತೇನೆ."

"ಅವರು ಬಿಡುವಿನಲ್ಲಿ ಏನು ನೋಡ್ತಾರೆ ಅನ್ನೋದು ನನ್ನ ಪಾಠ ಅಲ್ಲ. ಅವರ ಸುದ್ದಿಗೆ ಹೋಗಬೇಡಿ. ನನ್ನ ತರಗತಿಯ ಟೀವಿಯಲ್ಲಿ ನಿಮ್ಮ ಖಾತೆ ಇತ್ತು, ಹುಡುಗಿ ಏನೂ ಮಾಡಿಲ್ಲ. ಇದನ್ನ ಗ್ರೂಪಿನಲ್ಲಿ ಬರೀರಿ."

"ಅದೆಲ್ಲ ಫಾಲ್ತು ಲಫಡಾ ಯಾಕೆ ಮೇಡಂ. ಹುಡುಗಿ ಸೋಮವಾರ ಬರಲಿ. ಮಕ್ಕಳ ತಪ್ಪನ್ನ ಮಂಡಳಿ ಕ್ಷಮಿಸಿದೆ ಅಂತ ಹಾಕ್ತೇನೆ. ಆಯ್ತಲ್ಲ?"

"ಕ್ಷಮಿಸೋದು ಯಾವ ತಪ್ಪನ್ನ?"

ಅವರು ವೇಟರನ್ನು ಕರೆದು ನನಗೆ ಕಾಫಿ ಕೊಡಲು ಹೇಳಿದರು. ಕುಡಿಯದೆ ಎದ್ದು ಬಂದೆ.

ಲೋಕಲ್ ಹತ್ತಿ ಕುದಿಯುತ್ತ ನಿಂತೆ. ಹುಡುಗಿಯ ತಂದೆಗೆ ನಾನೇ ಹೋಗಿ ಹೇಳಬಹುದಿತ್ತು. ಆದರೆ ಆತ ನನ್ನ 'ಇಲ್ಲ' ಕೇಳಿದಂದೇ ಮಗಳನ್ನು ನಂಬಿದ್ದ. ನಂಬದವರು ಗ್ರೂಪಿನಲ್ಲಿದ್ದರು. ಹೊಲಸು ಎಲ್ಲಿ ಚೆಲ್ಲಿದೆಯೋ ಅಲ್ಲಿಯೇ ಒರೆಸಬೇಕು, ಅಲ್ಲಿ ನನಗೆ ಬಾಯಿಲ್ಲ. ಟ್ರಸ್ಟಿ ಬರೆಯುವುದಿಲ್ಲ, ಮುಖ್ಯೋಪಾಧ್ಯಾಯರು ಬರೆಯುವ ಧೈರ್ಯ ಮಾಡುವುದಿಲ್ಲ. ಆದರೆ ಅವರು ಫೋಟೋ ಹಾಕುತ್ತಾರೆ. ನೋಡದೆ ಹಾಕುತ್ತಾರೆ. ಪಾರ್ಲೆಯಲ್ಲಿ ಇಳಿಯುವ ಹೊತ್ತಿಗೆ ನನ್ನ ಕೆಲಸ ಏನೆಂದು ಗೊತ್ತಾಗಿತ್ತು.

ಶುಕ್ರವಾರ ಬೇಗ ಹೋಗಿ ಮೊದಲು ಟೀವಿಯನ್ನು ತೊಳೆದೆ. ಹೋಟೆಲಿನ ಖಾತೆಯಿಂದ ಹೊರಬಂದೆ. ಶಾಲೆಯ ಹೆಸರಿನಲ್ಲಿ ಹೊಸ ಖಾತೆ ತೆರೆದು, ಅದರ ಪಾಸ್‌ವರ್ಡು ವಿಜ್ಞಾನದವರಿಗೆ ಬಿಟ್ಟು ಬೇರೆ ಯಾರಿಗೂ ಕೊಡಲಿಲ್ಲ. ಒಂದು ಮುಗಿದ ಕೂಡಲೇ ಮತ್ತೊಂದು ತಾನಾಗಿ ಶುರುವಾಗುವುದನ್ನು ನಿಲ್ಲಿಸಿದೆ. ದೊಡ್ಡವರ ವಿಡಿಯೊಗಳನ್ನು ತಡೆಯುವ ಸೆಟ್ಟಿಂಗು ಹಾಕಿದೆ. ಅದು ಎಲ್ಲವನ್ನೂ ತಡೆಯುವುದಿಲ್ಲ, ಅದನ್ನೇ ನಂಬಿ ಕೂರುವುದು ಮೂರ್ಖತನ. ಬೇಕಾದ ವಿಡಿಯೊಗಳನ್ನಷ್ಟೇ ಒಂದು ಪಟ್ಟಿಗೆ ಸೇರಿಸಿ, ಇದೇ ಟೀವಿಯಲ್ಲಿ, ಇದೇ ಖಾತೆಯಲ್ಲಿ ಒಂದೊಂದನ್ನೂ ಕೊನೆಯ ಕ್ಷಣದವರೆಗೆ ಬಿಟ್ಟು, ಮುಗಿದ ಮೇಲೆ ಪರದೆಯಲ್ಲಿ ಏನು ಉಳಿಯುತ್ತದೆ ಎಂದು ಕಾದು ನೋಡಿದೆ. ನಡುವೆ ಜಾಹೀರಾತು ಬಂದ ಒಂದನ್ನು ಕೈಬಿಟ್ಟೆ. ಪ್ಲಗ್ಗಿನ ಹತ್ತಿರಕ್ಕೆ ನನ್ನ ಮೇಜನ್ನು ಎಳೆದುಕೊಂಡೆ. ಕೊನೆಗೆ, ಸ್ಟಿಕರನ್ನೂ ಕಿತ್ತೆ.

ಮುಖ್ಯೋಪಾಧ್ಯಾಯರಿಗೆ ಟೀವಿ ಪಾಠ ಮತ್ತೆ ಇದೆ ಎಂದಾಗ ಮೊದಲು ಬೆವರಿದರು. ಆಮೇಲೆ ಅವರಿಗೇ ಹೊಳೆಯಿತು. "ಒಳ್ಳೇದಾಯ್ತು. ಒಂದು ಚೆಂದದ ಫೋಟೋ ಹಾಕಿಬಿಡುವ. ಹಿಂದಿನದ್ದು ಜನ ಮರೀತಾರೆ."

ಒಂಬತ್ತನೇ ತರಗತಿಗೆ ಹೃದಯದ ಪಾಠವನ್ನೇ ಮತ್ತೆ ಮಾಡಿದೆ. ಮುಂದಿನ ಬೆಂಚಿನಲ್ಲಿ ಅವಳ ಜಾಗ ಖಾಲಿ. ಟೀವಿಯ ಪಕ್ಕದ ಬೋರ್ಡಿನ ಮೇಲೆ, ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ ಬರೆದಿದ್ದೆ: 'ಈ ಟೀವಿಯಲ್ಲಿ ಇದ್ದದ್ದು ದಾನಿಗಳ ಹೋಟೆಲಿನ ಖಾತೆ. ಆ ವಿಡಿಯೊ ಆ ಖಾತೆಯಿಂದ ತಾನಾಗಿ ಬಂತು. ನಮ್ಮ ವಿದ್ಯಾರ್ಥಿನಿ ಏನನ್ನೂ ಹುಡುಕಿರಲಿಲ್ಲ. ಇದನ್ನು ಬರೆದವಳು ವಿಜ್ಞಾನ ಶಿಕ್ಷಕಿ.'

ಮಕ್ಕಳು ಓದಿದರು. ಮುಖ್ಯೋಪಾಧ್ಯಾಯರು ಬಾಗಿಲಿಗೆ ಬಂದರು. ಈ ಸಲ ಎಚ್ಚರಿಕೆಯಿಂದ ಇದ್ದರು, ಕನ್ನಡಕ ಹಾಕಿಕೊಂಡು ಪರದೆಯನ್ನೇ ಮತ್ತೆ ಮತ್ತೆ ನೋಡಿದರು. ಪರದೆಯ ಮೇಲೆ ಹೃದಯ ಹೃದಯವಾಗಿಯೇ ಬಡಿದುಕೊಳ್ಳುತ್ತಿತ್ತು. ಸಮಾಧಾನವಾಗಿ ಫೋಟೋ ಹೊಡೆದು, ಕೈಮುಗಿದ ಗುರುತು ಹಾಕಿ ಕಳಿಸಿದರು. ಬೋರ್ಡಿನ ಕಡೆ ಕಣ್ಣೂ ಹಾಯಿಸಲಿಲ್ಲ. ಬೋರ್ಡಿನಲ್ಲಿ ಶಿಕ್ಷಕರು ಬರೆದದ್ದನ್ನು ಓದುವುದು ಅವರ ಕೆಲಸವೆಂದು ಅವರು ಯಾವತ್ತೂ ಅಂದುಕೊಂಡವರಲ್ಲ.

ಅಳಿಸಿದ್ದು ತಡವಾಗಿ. ಅಷ್ಟರಲ್ಲಿ ಇಟ್ಟುಕೊಳ್ಳುವವರು ಇದನ್ನೂ ಇಟ್ಟುಕೊಂಡಿದ್ದರು.

ಶನಿವಾರ ಬೆಳಿಗ್ಗೆ ಟ್ರಸ್ಟಿ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂತಿದ್ದರು. ಮುಖ್ಯೋಪಾಧ್ಯಾಯರು ಗೋಡೆಗೆ ಒರಗಿ ನಿಂತಿದ್ದರು.

"ನನ್ನ ಉಪ್ಪು ತಿಂದು ನನ್ನ ಮರ್ಯಾದೆ ತೆಗೆದ್ರಿ ನೀವು."

"ನಿಮ್ಮ ಹೋಟೆಲಿನ ಕಾಫಿಯನ್ನೂ ನಾನು ಕುಡಿದಿಲ್ಲ."

"ಮುಂದಿನ ಮೀಟಿಂಗಿನಲ್ಲಿ ನಿಮ್ಮ ಕೆಲಸದ ವಿಷಯ ಬರ್ತದೆ."

"ಬರಲಿ. ಎರಡೂ ಟೀವಿಗಳ ಫೋಟೋ ತರ್ತೇನೆ."

ಇನ್ನೂ ಏನೋ ಹೇಳಹೊರಟವರು ಬಾಗಿಲ ಕಡೆ ನೋಡಿದರು. ಹುಡುಗಿಯ ತಂದೆ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಅವರ ಹಿಂದೆ ಹುಡುಗಿ, ಯೂನಿಫಾರ್ಮಿನಲ್ಲಿ, ಬೆನ್ನಿಗೆ ಚೀಲ. ನನಗೆ ಕಣ್ಣು ತುಂಬಿ ಬಂತು, ಅದನ್ನು ಆ ಇಬ್ಬರಿಗೆ ತೋರಿಸಬಾರದೆಂದು ಕಿಟಕಿಯ ಕಡೆ ತಿರುಗಿದೆ.

ಟ್ರಸ್ಟಿ ದನಿ ಬದಲಿಸಿದರು. ಹೋಟೆಲಿಗೆ ಬಂದ ಗಿರಾಕಿಯ ಹತ್ತಿರ ಮಾತಾಡುವ ದನಿ. "ಬನ್ನಿ, ಬನ್ನಿ. ಆಗಿದ್ದು ಆಯ್ತು. ಹುಡುಗಿ ಕ್ಲಾಸಿಗೆ ಬರಲಿ. ನಾವು ಮನಸ್ಸಲ್ಲಿ ಏನೂ ಇಟ್ಟುಕೊಂಡಿಲ್ಲ."

ತಂದೆ ಮಗಳ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿದರು. ಅವಸರ ಮಾಡಲಿಲ್ಲ.

"ನೀ ನಡಿಯವ್ವಾ, ಕ್ಲಾಸಿಗೆ ಹೋಗು."

ಅವಳು ಹೋದ ಮೇಲೆ, ಬೋರ್ಡಿನ ಫೋಟೋ ಇದ್ದ ಫೋನನ್ನು ಕೈಯಲ್ಲಿ ಹಿಡಿದು ಟ್ರಸ್ಟಿಯ ಕಡೆ ತಿರುಗಿದರು.

"ನಿಮ್ಮ ಕಡೆ ಇಟ್ಕೊಳ್ಳಾಕ ಏನೈತ್ರಿ ಸಾಹೇಬ್ರ? ಇಟ್ಕೊಳ್ಳೋರು ನಾವು. ನಾವು ಇಟ್ಕೊಂಡೀವಿ."